ವಸ್ತುಮೋಹ ಮತ್ತು ಒಂಟಿತನ: ಬೀಜ ಯಾವುದು, ವೃಕ್ಷ ಯಾವುದು?

ವಸ್ತುಗಳನ್ನು ಹೊಂದಿರುವುದು ಬೇರೆ, ವಸ್ತುಗಳ ಮೋಹಕ್ಕೆ ಒಳಗಾಗಿರುವುದು ಬೇರೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳದಿದ್ದರೆ ಈ ವಿಷಯದ ಚರ್ಚೆ ಬಹುಬೇಗ ನೀತಿಬೋಧೆಯ ಹಾದಿ ಹಿಡಿಯುತ್ತದೆ. ಮನೆಯಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಕಾರು ಇದ್ದಮಾತ್ರಕ್ಕೆ ಅಲ್ಲಿ ವಾಸಿಸುವವರು ವಸ್ತುಮೋಹಿಗಳಾಗುವುದಿಲ್ಲ. ಅವು ಇಲ್ಲದ ಮನೆಯವರೆಲ್ಲ ವಿರಕ್ತರೂ ಅಲ್ಲ. ಅಮೆರಿಕದ ಸಂಶೋಧಕರಾದ ಮಾರ್ಷಾ ರಿಚಿನ್ಸ್ ಮತ್ತು ಸ್ಕಾಟ್ ಡಾಸನ್ 1992ರಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಪ್ರಶ್ನಾವಳಿಯೊಂದು ವಸ್ತುಮೋಹವನ್ನು ಮೂರು ನಂಬಿಕೆಗಳ ಕೂಟವೆಂದು ನೋಡುತ್ತದೆ: ಬದುಕಿನಲ್ಲಿ ವಸ್ತುಗಳ ಗಳಿಕೆಗೇ ಮೊದಲ ಸ್ಥಾನ ಕೊಡುವುದು ಒಂದು, ಇನ್ನಷ್ಟು ವಸ್ತುಗಳು ಕೈಸೇರಿದರೆ ಸುಖ ತಾನಾಗಿ ಬರುತ್ತದೆಂದು ತಿಳಿಯುವುದು ಇನ್ನೊಂದು, ತನ್ನ ಮತ್ತು ಇತರರ ಯಶಸ್ಸನ್ನು ಅವರವರ ಬಳಿ ಇರುವ ವಸ್ತುಗಳಿಂದಲೇ ಅಳೆಯುವುದು ಮತ್ತೊಂದು. ಈ ಅರ್ಥದ ವಸ್ತುಮೋಹ ಕಂತಿನ ಮೇಲೆ ಫೋನು ಕೊಂಡ ದಿನಗೂಲಿಯವನಲ್ಲಿಯೂ ಇರಬಹುದು, ಕೋಟ್ಯಧೀಶನಲ್ಲಿ ಇಲ್ಲದೆಯೂ ಇರಬಹುದು. ಜಗತ್ತಿನ ಮೂಲ ಜಡವಸ್ತುವೇ ಎಂದು ವಾದಿಸುವ ತತ್ತ್ವಶಾಸ್ತ್ರದ ಭೌತಿಕವಾದಕ್ಕೂ ಇದಕ್ಕೂ ಸಂಬಂಧವಿಲ್ಲವಾದ್ದರಿಂದ, ಕೊಳ್ಳುಬಾಕತನದ ಹೊಣೆಯನ್ನು ಚಾರ್ವಾಕರ ತಲೆಗೆ ಕಟ್ಟುವ ಹಳೆಯ ಚಾಳಿಯನ್ನು ಇಲ್ಲಿಯಾದರೂ ಬಿಡುವುದು ಒಳ್ಳೆಯದು.

ಈ ಒಲವಿಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟನ್ನು ಗಂಭೀರ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಟಿಮ್ ಕ್ಯಾಸರ್ ಮತ್ತು ರಿಚರ್ಡ್ ರಯಾನ್ ಪ್ರಮುಖರು. 1993ರಲ್ಲಿ ಪ್ರಕಟವಾದ ಅವರ ಪ್ರಬಂಧ, ಹಣಕಾಸಿನ ಯಶಸ್ಸನ್ನು ಬದುಕಿನ ಮುಖ್ಯ ಗುರಿಯೆಂದು ಭಾವಿಸಿದ ಯುವಜನರಲ್ಲಿ ಲವಲವಿಕೆ ಕಡಿಮೆಯಾಗಿಯೂ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಹೆಚ್ಚಾಗಿಯೂ ಇರುವುದನ್ನು ತೋರಿಸಿತು. ಆ ಬಳಿಕ ಹಲವು ದೇಶಗಳಲ್ಲಿ ನಡೆದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 250ಕ್ಕೂ ಹೆಚ್ಚು ಪ್ರತ್ಯೇಕ ಸಮೂಹಗಳ ಮಾಹಿತಿಯನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ವಿಶ್ಲೇಷಣೆಯೊಂದನ್ನು ಹೆಲ್ಗಾ ಡಿಟ್‌ಮಾರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ವಸ್ತುಮೋಹ ಹೆಚ್ಚಿದ್ದಲ್ಲಿ ನೆಮ್ಮದಿ ಕಡಿಮೆ ಎಂಬುದೇ ಅಲ್ಲಿಯೂ ಕಂಡುಬಂದಿತಾದರೂ ಆ ನಂಟಿನ ಬಲ ಸಾಧಾರಣ ಮಟ್ಟದ್ದಾಗಿತ್ತು. ವಸ್ತುಗಳನ್ನು ಬಯಸುವವರೆಲ್ಲ ದುಃಖಿಗಳು ಎಂಬ ತೀರ್ಮಾನಕ್ಕೆ ಆ ಅಂಕಿಗಳಲ್ಲಿ ಆಧಾರವಿಲ್ಲ. ದೇಶ, ವಯಸ್ಸು, ವರಮಾನಗಳು ಬದಲಾದರೂ ನಂಟಿನ ದಿಕ್ಕು ಬಹುಮಟ್ಟಿಗೆ ಬದಲಾಗುವುದಿಲ್ಲ ಎಂಬುದೇ ಅದರಲ್ಲಿ ಗಮನಿಸತಕ್ಕ ಸಂಗತಿ.

ಹೀಗಾಗುವುದಕ್ಕೆ ಕ್ಯಾಸರ್ ಮತ್ತು ರಯಾನ್ ಕೊಡುವ ವಿವರಣೆ ಸರಳವಾದದ್ದು. ದೇಹಕ್ಕೆ ಅನ್ನ, ನೀರು, ನಿದ್ರೆಗಳು ಬೇಕಾದಂತೆ ಮನಸ್ಸಿಗೂ ಮೂರು ಮೂಲ ಅಗತ್ಯಗಳಿವೆ ಎಂದು ಅವರ ಪಂಥದ ಮನಃಶಾಸ್ತ್ರಜ್ಞರು ಹೇಳುತ್ತಾರೆ: ತನ್ನ ಬದುಕನ್ನು ತಾನೇ ನಡೆಸುತ್ತಿದ್ದೇನೆಂಬ ಸ್ವಾತಂತ್ರ್ಯದ ಭಾವ, ಕೈಗೆತ್ತಿಕೊಂಡ ಕೆಲಸವನ್ನು ಮಾಡಬಲ್ಲೆನೆಂಬ ಸಾಮರ್ಥ್ಯದ ಭಾವ, ತನ್ನವರೆಂಬುವರು ಇದ್ದಾರೆಂಬ ನಂಟಿನ ಭಾವ. ಹಣ, ಹೆಸರು, ಹೊರಗಿನ ಮೆರುಗುಗಳನ್ನು ಗುರಿಯಾಗಿಸಿಕೊಂಡವರು ಈ ಮೂರನ್ನೂ ತಳ್ಳಿಹಾಕುತ್ತಾರೆಂದಲ್ಲ, ಅವುಗಳಿಗೆ ಮೀಸಲಿಡಬೇಕಾದ ಹೊತ್ತನ್ನು ಬೇರೆಡೆ ಕಳೆದಿರುತ್ತಾರೆ. ಹೆಚ್ಚುವರಿ ದುಡಿಮೆಯ ಸಂಜೆಗಳು, ಸಾಲದ ಕಂತಿನ ಚಿಂತೆ, ಕೊಂಡದ್ದನ್ನು ಕಾಯುವ, ಒರೆಸುವ, ರಿಪೇರಿ ಮಾಡಿಸುವ ತಾಪತ್ರಯ ಎಲ್ಲವೂ ಸೇರಿ ನುಂಗುವುದು ಮಾತಿಗೆ, ಭೇಟಿಗೆ, ಸುಮ್ಮನೆ ಕೂತು ಹರಟುವುದಕ್ಕೆ ಸಿಗಬಹುದಾಗಿದ್ದ ಸಮಯವನ್ನೇ.

ಇದಕ್ಕೆ ಒಗ್ಗಿಕೊಳ್ಳುವಿಕೆ ಮತ್ತು ಹೋಲಿಕೆ ಎಂಬ ಎರಡು ಮನೋಧರ್ಮಗಳು ಜೊತೆಗೂಡುತ್ತವೆ. ಹೊಸದಾಗಿ ಬಂದ ಸುಖಕ್ಕೆ ಮನಸ್ಸು ಕ್ರಮೇಣ ಒಗ್ಗಿಹೋಗಿ ಮತ್ತೆ ಮೊದಲಿನ ಮಟ್ಟಕ್ಕೆ ಮರಳುವುದನ್ನು ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಲಾಟರಿ ಗೆದ್ದವರ ಅಧ್ಯಯನದಲ್ಲಿ ಚರ್ಚಿಸಿದರು. ಗೆದ್ದವರು ಮಾತನಾಡಿಸಿದ ಹೊತ್ತಿಗೆ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ಗೆಳೆಯರೊಡನೆ ಮಾತು, ಬೆಳಗಿನ ಉಪಾಹಾರದಂಥ ದಿನನಿತ್ಯದ ಸಣ್ಣ ಸಂತೋಷಗಳು ಅವರಿಗೆ ಇತರರಿಗಿಂತ ಸಪ್ಪೆಯಾಗಿ ಕಂಡಿದ್ದವು. ಈ ಅಧ್ಯಯನದಲ್ಲಿದ್ದ ವಿಜೇತರು ಕೇವಲ 22 ಮಂದಿ ಎಂಬುದನ್ನು ಅದನ್ನು ಉತ್ಸಾಹದಿಂದ ಉದ್ಧರಿಸುವ ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಹೋಲಿಕೆಯ ವಿಷಯದಲ್ಲಿ 1998ರ ಇನ್ನೊಂದು ಸಮೀಕ್ಷೆ ಸ್ವಾರಸ್ಯಕರವಾಗಿದೆ. ಇತರರ ವರ್ಷದ ವರಮಾನ 25,000 ಡಾಲರ್ ಇದ್ದು ತನ್ನದು 50,000 ಇರುವ ಜಗತ್ತು ಬೇಕೆ, ಇತರರದು 2 ಲಕ್ಷ ಇದ್ದು ತನ್ನದು 1 ಲಕ್ಷ ಇರುವ ಜಗತ್ತು ಬೇಕೆ ಎಂದು ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮೆನ್‌ವೇ ಕೇಳಿದಾಗ, ಉತ್ತರಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲನೆಯದನ್ನೇ ಆರಿಸಿಕೊಂಡರು. ಅಂದರೆ ತಮ್ಮ ಗಳಿಕೆ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ, ಪಕ್ಕದವರಿಗಿಂತ ಒಂದು ಕೈ ಮೇಲಿದ್ದರೆ ಸಾಕು ಎಂಬುದು ಅವರ ನಿಲುವು. ಹೀಗೆ ನೆರೆಯವನು ಅಳತೆಗೋಲಾಗಿಬಿಟ್ಟ ಮೇಲೆ ಅವನ ಏಳಿಗೆಯಲ್ಲಿ ಪಾಲುಗೊಳ್ಳುವುದು ಕಷ್ಟ, ತನ್ನ ಸೋಲನ್ನು ಅವನ ಮುಂದೆ ತೋಡಿಕೊಳ್ಳುವುದು ಇನ್ನೂ ಕಷ್ಟ. ಒಂಟಿತನದ ಬೇರು ಇಲ್ಲಿಯೇ ಇಳಿಯುತ್ತದೆ.

ವಸ್ತುಗಳು ತುಂಬಿದ ಬದುಕು ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಪ್ರಶ್ನಾವಳಿಗಳಿಗಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಲಾಸ್ ಏಂಜಲೀಸ್ ನಗರದ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು, ಪುರಾತತ್ತ್ವಜ್ಞರು ಮತ್ತು ಮನಃಶಾಸ್ತ್ರಜ್ಞರು 2001ರಿಂದ 2005ರವರೆಗೆ ಆ ನಗರದ 32 ಮಧ್ಯಮವರ್ಗದ ಕುಟುಂಬಗಳ ಮನೆಯೊಳಗೆ ಹೋಗಿ, ದಂಪತಿಗಳಿಬ್ಬರೂ ದುಡಿಯುವ, ಮಕ್ಕಳು ಶಾಲೆಗೆ ಹೋಗುವ ಆ ಮನೆಗಳ ದಿನಚರಿಯನ್ನು ವಿಡಿಯೊದಲ್ಲಿ ದಾಖಲಿಸಿಕೊಂಡರು. ಹಾಳುಬಿದ್ದ ನಾಗರಿಕತೆಗಳ ಮಡಕೆ ಚೂರುಗಳನ್ನು ಎಣಿಸುವ ಶ್ರದ್ಧೆಯಿಂದಲೇ ಜೀನ್ ಆರ್ನಲ್ಡ್ ಮತ್ತು ಅವರ ತಂಡ ಬದುಕಿರುವವರ ಮನೆಯ ವಸ್ತುಗಳನ್ನು ಎಣಿಸಲು ಕೂತಿತು. ಮೊದಲು ಲೆಕ್ಕಕ್ಕೆ ತೆಗೆದುಕೊಂಡ ಮನೆಯಲ್ಲಿ ಎರಡು ಮಲಗುವ ಕೋಣೆ ಮತ್ತು ಒಂದು ನಡುಮನೆ, ಈ ಮೂರರಲ್ಲೇ ಕಣ್ಣಿಗೆ ಕಾಣುವಂತಿದ್ದ ವಸ್ತುಗಳ ಸಂಖ್ಯೆ 2,260 ದಾಟಿತು. ಕಪಾಟು, ಪೆಟ್ಟಿಗೆ, ಡ್ರಾಯರುಗಳ ಒಳಗಿದ್ದವು ಈ ಲೆಕ್ಕಕ್ಕೆ ಸೇರಿರಲಿಲ್ಲ. ನಾಲ್ಕರಲ್ಲಿ ಮೂರು ಮನೆಗಳ ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬಳಕೆ ತಪ್ಪಿದ ಪೀಠೋಪಕರಣ, ಹಳೆಯ ಆಟಿಕೆ, ಒಂದೇ ಸಲಕ್ಕೆ ತಿಂಗಳುಗಟ್ಟಲೆಯ ಲೆಕ್ಕದಲ್ಲಿ ಕೊಂಡುತಂದ ದಿನಸಿ ಅಲ್ಲಿ ಅಟ್ಟಿಯಾಗಿದ್ದು, ಕಾರುಗಳು ಬೀದಿಯಲ್ಲಿ ಬಿಸಿಲು ಕಾಯುತ್ತಿದ್ದವು.

ಇದಕ್ಕಿಂತ ಮಾರ್ಮಿಕವಾದದ್ದು ಹಿತ್ತಿಲಿನ ಕಥೆ. ಮನೆಯವರೆಲ್ಲ ಸಂಜೆ ಹೊತ್ತು ಹೊರಗೆ ಕೂತು ಕಾಲ ಕಳೆಯಲೆಂದು ಹಲವು ಕುಟುಂಬಗಳು ಹಿತ್ತಿಲನ್ನು ಹಣ ಸುರಿದು ಸಿಂಗರಿಸಿದ್ದವು. ಕುರ್ಚಿ, ಮೇಜು, ಉಯ್ಯಾಲೆ, ಕೆಲವೆಡೆ ಈಜುಕೊಳವೂ ಇತ್ತು. ಸಂಶೋಧಕರು ಮನೆಯವರ ಚಲನವಲನವನ್ನು ಹೊತ್ತುಹೊತ್ತಿಗೆ ಗುರುತುಹಾಕಿಕೊಂಡು ನೋಡಿದಾಗ, ಆ ಹಿತ್ತಿಲುಗಳಿಗೆ ದೊಡ್ಡವರು ವಿರಾಮಕ್ಕೆಂದು ಕಾಲಿಟ್ಟದ್ದೇ ಅಪರೂಪವೆಂದು ಗೊತ್ತಾಯಿತು. ಹಿತ್ತಿಲನ್ನು ಕೊಳ್ಳಲು ಬೇಕಾದ ಹಣವನ್ನು ಗಳಿಸುವುದರಲ್ಲಿಯೇ ಹಿತ್ತಿಲಿನಲ್ಲಿ ಕೂರುವ ಹೊತ್ತು ಮುಗಿದುಹೋಗಿತ್ತು. ಇದೇ ಯೋಜನೆಯ ಭಾಗವಾಗಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೀನಾ ರೆಪೆಟ್ಟಿ ಗಂಡ–ಹೆಂಡತಿಯರ ಎಂಜಲಿನಲ್ಲಿರುವ ಕಾರ್ಟಿಸಾಲ್ ಎಂಬ, ಒತ್ತಡ ಹೆಚ್ಚಿದಾಗ ದೇಹ ಸ್ರವಿಸುವ ಹಾರ್ಮೋನನ್ನು ಅಳೆದರು. ಆರೋಗ್ಯವಂತರಲ್ಲಿ ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯಬೇಕಾದ ಅದರ ಪ್ರಮಾಣ, ಮನೆ ತುಂಬ ಸಾಮಾನು ಹರಡಿದೆ, ಕೆಲಸ ಮುಗಿದೇ ಇಲ್ಲ ಎಂದು ಮನೆಯನ್ನು ಬಣ್ಣಿಸಿದ ಹೆಂಗಸರಲ್ಲಿ ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಅಂಥ ನಂಟು ಕಾಣಲಿಲ್ಲ. ಸಾಮಾನು ಮನೆಯವರೆಲ್ಲರದ್ದಾದರೂ ಅದನ್ನು ಎತ್ತಿಡುವ ಹೊಣೆ ಯಾರ ಮೇಲೆ ಬಿದ್ದಿರುತ್ತದೆ ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಮಟ್ಟಿಗೆ ಹೇಳುವುದಾದರೆ, ಯುನಿಸೆಫ್ 2011ರಲ್ಲಿ ಬ್ರಿಟನ್, ಸ್ಪೇನ್ ಮತ್ತು ಸ್ವೀಡನ್ ದೇಶಗಳ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ವರದಿ ಉಲ್ಲೇಖನೀಯವಾದದ್ದು. ಸಂತೋಷವೆಂದರೇನು ಎಂಬ ಪ್ರಶ್ನೆಗೆ ಮೂರೂ ದೇಶಗಳ ಮಕ್ಕಳು ಮನೆಯವರೊಡನೆ ಕಳೆಯುವ ಹೊತ್ತು, ಗೆಳೆಯರು, ಹೊರಗೆ ಆಡಲು ಸಿಗುವ ಅವಕಾಶ ಎಂದೇ ಉತ್ತರಿಸಿದ್ದರು. ಆದರೆ ಬ್ರಿಟನ್ನಿನ ತಂದೆತಾಯಿಗಳು, ದುಡಿಮೆಯ ಒತ್ತಡದಲ್ಲಿ ಮಕ್ಕಳಿಗೆ ಕೊಡಲಾಗದ ಸಮಯವನ್ನು ವಸ್ತುಗಳಿಂದ ತುಂಬಿಕೊಡಲು ಯತ್ನಿಸುತ್ತಿದ್ದುದು, ಹಾಗೆ ಕೊಡಿಸುವುದರಿಂದ ಪ್ರಯೋಜನವಿಲ್ಲವೆಂದು ತಿಳಿದೂ ನಿಲ್ಲಿಸಲಾಗದೆ ಒದ್ದಾಡುತ್ತಿದ್ದುದು ಆ ವರದಿಯಲ್ಲಿ ದಾಖಲಾಗಿದೆ. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ದೂರದರ್ಶನ ಜಾಹೀರಾತುಗಳಿಗೆ 1991ರಿಂದಲೇ ನಿಷೇಧವಿದೆ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಇಷ್ಟು ಹೊತ್ತಿಗೆ ವಸ್ತುಮೋಹವೇ ಬೀಜ, ಒಂಟಿತನವೇ ಅದರಿಂದ ಹುಟ್ಟಿದ ವೃಕ್ಷ ಎಂಬ ಭಾವನೆ ಬಂದಿದ್ದರೆ, ಅದನ್ನು ತಿದ್ದುವ ಅಧ್ಯಯನವೊಂದು ನೆದರ್ಲೆಂಡ್ಸ್‌ನಿಂದ ಬಂದಿದೆ. ಟಿಲ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ಪೀಟರ್ಸ್ ಆ ದೇಶದ 2,500ಕ್ಕೂ ಹೆಚ್ಚು ಜನರನ್ನು ಆರು ವರ್ಷಗಳ ಕಾಲ ಹಿಂಬಾಲಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಸಲ ಕೇಳಿ ಮುಗಿಸುವ ಸಮೀಕ್ಷೆಯಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ತಿಳಿಯುವುದಿಲ್ಲ. ಅದೇ ಜನರನ್ನು ವರ್ಷವರ್ಷವೂ ಕೇಳಿದರೆ ಮೊದಲು ಬದಲಾದದ್ದು ಯಾವುದು, ಅದರ ಬೆನ್ನಿಗೆ ಬದಲಾದದ್ದು ಯಾವುದು ಎಂಬುದನ್ನು ಗುರುತಿಸಬಹುದು. ಪೀಟರ್ಸ್ ಕಂಡುಕೊಂಡಂತೆ ಎರಡೂ ಒಂದನ್ನೊಂದು ಬೆಳೆಸುತ್ತವೆ ನಿಜ, ಆದರೆ ವಸ್ತುಮೋಹ ಒಂಟಿತನವನ್ನು ಹೆಚ್ಚಿಸುವುದಕ್ಕಿಂತ ಒಂಟಿತನ ವಸ್ತುಮೋಹವನ್ನು ಹೆಚ್ಚಿಸುವ ಬಲವೇ ದೊಡ್ಡದು. ಜೊತೆಗೆ ಎಲ್ಲ ಬಗೆಯ ವಸ್ತುಪ್ರೀತಿಯೂ ಹಾನಿಕರವಲ್ಲ. ವಸ್ತುವನ್ನು ಯಶಸ್ಸಿನ ಅಳತೆಯಾಗಿ ಕಾಣುವವರಲ್ಲಿ ಮತ್ತು ದುಃಖಕ್ಕೆ ಮದ್ದಾಗಿ ಕಾಣುವವರಲ್ಲಿ ಒಂಟಿತನ ಹೆಚ್ಚುತ್ತಾ ಹೋದರೆ, ಕೊಳ್ಳುವ ಮತ್ತು ಬಳಸುವ ಖುಷಿಗಾಗಿಯೇ ವಸ್ತುಗಳನ್ನು ಮೆಚ್ಚುವವರಲ್ಲಿ ಅದು ಕಡಿಮೆಯಾಗಿತ್ತು.

ಈ ಕೊನೆಯ ಮಾತು ವಸ್ತುಗಳನ್ನೇ ದೂಷಿಸುವ ಉಪದೇಶಕರಿಗೆ ರುಚಿಸಲಾರದು. ಆದರೆ ಒರಳುಕಲ್ಲಿನ ಮುಂದೆ ಕೂತು ದೋಸೆಹಿಟ್ಟು ರುಬ್ಬಿ ರಟ್ಟೆ ಸೋತಿದ್ದ ಹೆಂಗಸಿಗೆ ಗ್ರೈಂಡರು ತಂದ ಸಂತೋಷವನ್ನು, ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವಳಿಗೆ ಗ್ಯಾಸ್ ಒಲೆ ಕೊಟ್ಟ ಬಿಡುಗಡೆಯನ್ನು ಯಾವ ಸಿದ್ಧಾಂತವೂ ಅಲ್ಲಗಳೆಯಬಾರದು. ‘ಅತಿಯಾಸೆ ಗತಿಗೇಡು’ ಎಂಬ ಗಾದೆ ಆಸೆಯ ಪ್ರಮಾಣವನ್ನು ದೂರುತ್ತದೆ. ಈ ಅಧ್ಯಯನಗಳು ಆಸೆ ಎಲ್ಲಿಂದ ಹುಟ್ಟಿತೆಂದು ಕೇಳುತ್ತವೆ. ಕ್ಯಾಸರ್ ಮತ್ತು ಸಂಗಡಿಗರೇ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬಾಲ್ಯದಲ್ಲಿ ತಾಯಿಯ ಅಕ್ಕರೆ ಕಡಿಮೆ ದೊರೆತಿದ್ದ ಮತ್ತು ಬಡತನದ ಪರಿಸರದಲ್ಲಿ ಬೆಳೆದಿದ್ದ 18 ವರ್ಷದವರು ಹಣಕಾಸಿನ ಯಶಸ್ಸಿಗೆ ಹೆಚ್ಚು ಬೆಲೆ ಕೊಡುತ್ತಿದ್ದುದು ಕಂಡುಬಂದಿತ್ತು. ಅಭದ್ರತೆಯಲ್ಲಿ ಬೆಳೆದವರು ಮನುಷ್ಯರಿಗಿಂತ ವಸ್ತುಗಳನ್ನು ನೆಚ್ಚುವುದು ಸಹಜ; ವಸ್ತು ಜಗಳವಾಡುವುದಿಲ್ಲ, ಬಿಟ್ಟು ಹೋಗುವುದಿಲ್ಲ.

ಈ ಚರ್ಚೆ ಅಮೆರಿಕ, ಯುರೋಪುಗಳಿಗಷ್ಟೇ ಸಂಬಂಧಿಸಿದ್ದೆನ್ನುವ ಕಾಲ ಕಳೆದಿದೆ. ಕೇಂದ್ರ ಸರಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಗಳ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳ ವೆಚ್ಚದಲ್ಲಿ ಆಹಾರದ ಪಾಲು 2011–12ರಲ್ಲಿ ಸುಮಾರು ಶೇ 53 ಇದ್ದದ್ದು 2022–23ರ ಹೊತ್ತಿಗೆ ಸುಮಾರು ಶೇ 46ಕ್ಕೆ ಇಳಿದಿದೆ. ಅಂದರೆ ಹಳ್ಳಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹಣ ಈಗ ಅನ್ನದಾಚೆಯ ಸಂಗತಿಗಳಿಗೆ ಹೋಗುತ್ತಿದೆ. ಇದು ಬಹುಮಟ್ಟಿಗೆ ಏಳಿಗೆಯ ಲಕ್ಷಣವೇ. ಆದರೆ ವಸ್ತುಗಳು ಬಂದಾಗ ಅವುಗಳ ಜೊತೆಗೆ ಏನು ಹೋಯಿತೆಂಬುದನ್ನು ಅರಿಯಲು ಕರ್ನಾಟಕದ ಮುಯ್ಯಿ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಳೆ ಮೈಸೂರು ಸೀಮೆಯ ಹಳ್ಳಿಗಳ ಮದುವೆಯಲ್ಲಿ ಚಪ್ಪರದ ಒಂದು ಮಗ್ಗುಲಲ್ಲಿ ಲೆಕ್ಕದ ಪುಸ್ತಕ ಹಿಡಿದು ಒಬ್ಬರು ಕೂರುತ್ತಾರೆ. ಬಂದವರು ಕೊಟ್ಟ ಮುಯ್ಯಿಯನ್ನು ಹೆಸರು, ಊರು, ಮೊತ್ತ ಎಂದು ಸಾಲಾಗಿ ಬರೆದುಕೊಳ್ಳುವುದು ಅವರ ಕೆಲಸ. ಮುಂದೆ ಕೊಟ್ಟವರ ಮನೆಯಲ್ಲಿ ಮದುವೆಯೋ ನಾಮಕರಣವೋ ನಡೆದಾಗ ಆ ಪುಸ್ತಕವನ್ನು ಹೊರತೆಗೆದು, ಬರೆದ ಮೊತ್ತವನ್ನು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸಲಾಗುತ್ತದೆ. ಹಾಗೆ ಸೇರಿಸುವುದರಿಂದ ಲೆಕ್ಕ ಎಂದಿಗೂ ಚುಕ್ತಾ ಆಗುವುದಿಲ್ಲ. ಮುಂದಿನ ಸರದಿಯಲ್ಲಿ ಸಾಲ ಆ ಕಡೆಯವರದಾಗುತ್ತದೆ. ನಾಟಿ, ಕೊಯ್ಲುಗಳ ಕಾಲದ ಮುಯ್ಯಾಳಿನ ಕ್ರಮವೂ ಇಂಥದ್ದೇ. ಒಬ್ಬರ ಗದ್ದೆಗೆ ಇನ್ನೊಬ್ಬರ ಮನೆಯವರು ಬಂದು ದುಡಿದರೆ, ಅಷ್ಟೇ ದಿನದ ದುಡಿಮೆಯನ್ನು ಇವರು ಅವರ ಗದ್ದೆಯಲ್ಲಿ ತೀರಿಸಬೇಕು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ಕೊಡುಗೆಯ ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳೇ ಸಮುದಾಯಗಳನ್ನು ಹಿಡಿದಿಡುತ್ತವೆ ಎಂದು ವಾದಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಂಗಡಿಯ ವ್ಯವಹಾರ ಇದಕ್ಕೆ ತದ್ವಿರುದ್ಧ: ದುಡ್ಡು ಕೊಟ್ಟು ವಸ್ತುವನ್ನು ಪಡೆದೊಡನೆ ಋಣ ಮುಗಿಯಿತು, ಇಬ್ಬರೂ ಮತ್ತೆ ಮುಖ ನೋಡಬೇಕಾದ ಅಗತ್ಯವಿಲ್ಲ.

ಕಟಾವು ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದವರಿಗೆ ಮುಯ್ಯಾಳಿನ ಹಂಗಿಲ್ಲ, ಫ್ರಿಜ್ಜಿನಲ್ಲಿ ಮೊಸರಿನ ಪ್ಯಾಕೆಟ್ ಇರುವವರಿಗೆ ಪಕ್ಕದ ಮನೆಯ ಹೆಪ್ಪು ಬೇಕಿಲ್ಲ, ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಸಕ್ಕರೆ ಬಾಗಿಲಿಗೆ ಬರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಕರೆಗಂಟೆ ಒತ್ತಲು ನೆಪವೂ ಉಳಿದಿಲ್ಲ. ಇವುಗಳಲ್ಲಿ ಒಂದೊಂದೂ ನಿಜವಾದ ಅನುಕೂಲವೇ. ಒಟ್ಟಾಗಿ ಅವು ಮಾಡಿದ್ದು ಮನುಷ್ಯರು ಒಬ್ಬರಿಗೊಬ್ಬರು ಬೇಕಾಗುವ ಸಂದರ್ಭಗಳನ್ನು ಕಡಿಮೆ ಮಾಡಿದ್ದು. ಹಾಗೆಂದು ಹಳೆಯ ವ್ಯವಸ್ಥೆಯನ್ನು ಹಾಡಿಹೊಗಳುವುದೂ ಸಲ್ಲದು. ಮುಯ್ಯಿ ಸಮಾನರ ನಡುವಿನ ವ್ಯವಹಾರವಾಗಿತ್ತೇ ಹೊರತು ಜಾತಿಯ ಗೆರೆಯನ್ನು ದಾಟುವಂಥದ್ದಾಗಿರಲಿಲ್ಲ. ಅದೇ ಊರಿನಲ್ಲಿ ಜೀತಕ್ಕಿದ್ದವನ ದುಡಿಮೆಯನ್ನು ಯಾರೂ ಮುಯ್ಯಿಯಾಗಿ ತೀರಿಸಲಿಲ್ಲ. ನಗರಕ್ಕೆ ಹೋಗಿ ಯಾರ ಹಂಗೂ ಇಲ್ಲದೆ, ತಾನೇ ದುಡಿದ ದುಡ್ಡಿನಲ್ಲಿ ಬೇಕಾದ್ದನ್ನು ಕೊಳ್ಳುವುದು ಅಂಥವರ ಮಕ್ಕಳಿಗೆ ಮೋಹವೆನ್ನಿಸದೆ ಮರ್ಯಾದೆಯೆನ್ನಿಸಿದ್ದರೆ ಅದನ್ನು ಆಕ್ಷೇಪಿಸುವ ಹಕ್ಕು ಉಳ್ಳವರಿಗಿಲ್ಲ.

ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಸರಕಾರಗಳು ಒಪ್ಪಿಕೊಂಡದ್ದು ತೀರ ಇತ್ತೀಚೆಗೆ. ಬ್ರಿಟನ್ 2018ರಲ್ಲಿ ಇದಕ್ಕೆಂದೇ ಸಚಿವರೊಬ್ಬರಿಗೆ ಹೊಣೆ ವಹಿಸಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದವರಾದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರಕಾರದ ಪರವಾಗಿ ಜನರಿಗೆ ಆರೋಗ್ಯದ ಎಚ್ಚರಿಕೆ ನೀಡುವ ಹಿರಿಯ ವೈದ್ಯಾಧಿಕಾರಿಯಾಗಿದ್ದಾಗ, 2023ರಲ್ಲಿ ಒಂಟಿತನದ ಕುರಿತು ಸಲಹಾಪತ್ರವೊಂದನ್ನು ಹೊರಡಿಸಿ, ಸಾಮಾಜಿಕ ನಂಟುಗಳ ಕೊರತೆಯಿಂದಾಗುವ ಸಾವಿನ ಅಪಾಯವನ್ನು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ನೀಡಿದ ವರದಿಯ ಅಂದಾಜಿನಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದು, ವರ್ಷಕ್ಕೆ 8.7 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ.

ಒಂಟಿತನವೇ ಹೆಚ್ಚು ಬಲವಾದ ಕಾರಣವೆಂಬ ಪೀಟರ್ಸ್ ಅವರ ಮಾತನ್ನು ಒಪ್ಪುವುದಾದರೆ, ಕಡಿಮೆ ಕೊಳ್ಳಿರಿ ಎಂದು ಜನರಿಗೆ ಬುದ್ಧಿ ಹೇಳುವುದರಿಂದ ಹೆಚ್ಚೇನೂ ಆಗಲಾರದು; ಏನನ್ನೂ ಕೊಳ್ಳದೆ ನಾಲ್ಕು ಜನ ಕೂತು ಮಾತನಾಡಬಹುದಾದ ಜಾಗಗಳು ಊರಲ್ಲಿ ಎಷ್ಟಿವೆ ಎಂದು ಕೇಳುವುದೇ ಹೆಚ್ಚು ಉಪಯುಕ್ತ. ಮಾಲ್‌ನಲ್ಲಿ ಕೂರಬೇಕಾದರೂ ಕೈಯಲ್ಲೊಂದು ಕಾಫಿ ಲೋಟ ಹಿಡಿದಿರಬೇಕಾದ ನಗರದಲ್ಲಿ ಅಂಗಡಿಯೇ ಸಂಗಾತಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳಾಗಿ ಪುನರ್ರೂಪಿಸಿದ್ದು ಈ ದೃಷ್ಟಿಯಿಂದಲೂ ಮಹತ್ವದ ಕೆಲಸ; ದುಡಿಯುವವರು ಮನೆಗೆ ಮರಳುವ ಸಂಜೆಯ ಹೊತ್ತಿನಲ್ಲಿ ಅವು ತೆರೆದಿರುವಂತೆ ಪಂಚಾಯಿತಿಗಳು ನೋಡಿಕೊಂಡರೆ ಅದರ ಫಲ ಇಮ್ಮಡಿಯಾಗುತ್ತದೆ. ನಗರಗಳ ಪ್ರತಿ ಬಡಾವಣೆಯ ನಕ್ಷೆಯಲ್ಲಿಯೂ ಉದ್ಯಾನಕ್ಕೆ ಜಾಗವನ್ನು ಮತ್ತು ಜನರ ಬಳಕೆಯ ಕಟ್ಟಡಗಳಿಗೆಂದು ಸಿ.ಎ. ನಿವೇಶನಗಳನ್ನು, ಅಂದರೆ ನಾಗರಿಕ ಸೌಲಭ್ಯದ ಜಾಗಗಳನ್ನು, ಮೀಸಲಿಡುವ ನಿಯಮವಿದೆ. ತಮ್ಮ ಬಡಾವಣೆಯ ಸಿ.ಎ. ನಿವೇಶನ ಎಲ್ಲಿದೆ, ಈಗ ಯಾರ ವಶದಲ್ಲಿದೆ, ಅದರ ಗೇಟು ಎಲ್ಲರಿಗೂ ತೆರೆದಿದೆಯೇ ಎಂಬುದನ್ನು ಓದುಗರು ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಬೇಕು, ಸಾಧ್ಯವಾದರೆ ಎದುರು ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು.